ದ್ರಾಕ್ಷಿ ತೋಟದಲ್ಲಿ ಓಡಬಾರದ ದಿನಗಳು

ನಮ್ಮೂರಿನಲ್ಲಿ ಹೆಂಗಸೊಬ್ಬಳು ಓಡುತ್ತಿದ್ದಾಳೆ ಎಂದರೆ ಯಾರೋ ಸತ್ತಿರಬೇಕು, ಇಲ್ಲವೇ ಹಸು ಹಗ್ಗ ಕಿತ್ತುಕೊಂಡಿರಬೇಕು. ಮೂರನೆಯ ಕಾರಣವೊಂದು ಇರಬಹುದು ಎಂದು ಇಲ್ಲಿ ಯಾರಿಗೂ ಹೊಳೆಯುವುದಿಲ್ಲ. ನಾನು ಮೊದಲ ಸಲ ಓಡಿದ ದಿನ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಅಲ್ಲೇ ಕಟ್ಟೆಯ ಮೇಲಿಟ್ಟು, ಪಾಲಾರು ಹೊಳೆಯ ಕಡೆಗೆ ಹೊರಟಿದ್ದೆ. ವಾಪಸ್ಸು ಬರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಎದುರು ಮನೆಯ ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಳುವುದಕ್ಕೆ ತಯಾರಾಗಿಯೇ ನಿಂತಿದ್ದಳು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಓಡಿಬಂದೆ ಎಂದೆ. ಅಷ್ಟು ಹೊತ್ತಿಗೆ ಯಾರೋ ಬಂಗಾರಪೇಟೆಯಲ್ಲಿರುವ ನನ್ನ ತವರಿಗೆ ಫೋನು ಮಾಡಿ, "ನಿಮ್ಮಮ್ಮ ಉಷಾರಾಗವ್ರಾ?" ಎಂದು ಕೇಳಿ ನಮ್ಮಣ್ಣನ ಎದೆ ಒಡೆಸಿಯಾಗಿತ್ತು.

"ಸುಮ್ಸುಮ್ನೆ ಯಾರಾನ ಓಡ್ತಾರೇನಮ್ಮಾ?" ಎಂದು ಅಜ್ಜಿ ಗೊಣಗಿಕೊಂಡು ಹೋದಳು. ಕೂಡಿಟ್ಟುಕೊಂಡ ಅಳು ದಂಡವಾಯಿತೆಂಬ ಬೇಜಾರು ಅವಳ ಮುಖದಲ್ಲಿತ್ತು.

ಸುಮ್ಮಸುಮ್ಮನೆ ಅಲ್ಲ. ರಾಬರ್ಟ್‌ಸನ್‌ಪೇಟೆಯ ಡಾಕ್ಟರು ನನಗೆ ಶುಗರ್ ಜಾಸ್ತಿಯಿದೆ, ದಿನಾ ನಡೆಯಿರಿ ಎಂದಿದ್ದರು. ನಡೆಯಲು ಹೋದರೆ ಸಿಕ್ಕಿದವರೆಲ್ಲ ನಿಲ್ಲಿಸಿ ಮಾತಾಡಿಸುತ್ತಾರೆ, ಕರುವಿನ ವಿಷಯ, ಸೊಸೆಯ ವಿಷಯ, ಗೊಬ್ಬರದ ವಿಷಯ. ಓಡುವವಳನ್ನು ನಿಲ್ಲಿಸುವುದು ಕಷ್ಟ. ಹೀಗೆ ಶುರುವಾದ ಓಟ ನನಗೆ ಅಂಟಿಕೊಂಡುಬಿಟ್ಟಿತು. ಈಗ ಒಂದು ದಿನ ಓಡದಿದ್ದರೆ ಮನೆಯಲ್ಲಿ ಪಾತ್ರೆಗಳ ಸದ್ದು ಹೆಚ್ಚಾಗುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಬೆಳಗಿನ ಟ್ರೈನಿಗೆ ಬೆಂಗಳೂರಿನ ಕಾರ್ಖಾನೆಗೆ ಹೋಗಿ ರಾತ್ರಿ ಬರುವವರು, ಪಾತ್ರೆಗಳ ಸದ್ದು ಅವರಿಗೆ ಹೇಗೆ ಗೊತ್ತೋ ನನಗೆ ತಿಳಿಯದು.

ಓಡುವ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಜಗಳವೆಲ್ಲ ದಾರಿಯದೇ. ಡೈರಿಯಿಂದ ಹೊರಟು ಊರು ದಾಟಿದರೆ ನಮ್ಮ ಬಾವನ, ಅಂದರೆ ನನ್ನ ಗಂಡನ ಅಣ್ಣನ, ದ್ರಾಕ್ಷಿ ತೋಟ. ತೋಟದ ನಡುವೆ ಗಾಡಿ ಹೋಗುವಷ್ಟು ಅಗಲದ ದಾರಿಯಿದೆ. ಎರಡೂ ಕಡೆ ಕಲ್ಲುಕಂಬಗಳು, ತಲೆಯ ಮೇಲೆ ತಂತಿಯ ಚಪ್ಪರ, ಚಪ್ಪರದ ತುಂಬ ಬಳ್ಳಿ. ಏಪ್ರಿಲ್ ತಿಂಗಳಲ್ಲೂ ಅದರ ಕೆಳಗೆ ತಂಪಿರುತ್ತದೆ. ತೋಟ ಮುಗಿದ ಕೂಡಲೇ ನೆಲ ಪಾಲಾರಿನ ಕಡೆಗೆ ಇಳಿಯುತ್ತದೆ. ಪಾಲಾರು ತುಂಬಿ ಹರಿಯುವ ಹೊಳೆ ಎಂದು ನಂಬಿಸಲು ನಾನು ಹೋಗುವುದಿಲ್ಲ. ಮಳೆ ಜೋರಾದ ವರ್ಷ ಹರಿಯುತ್ತದೆ, ಉಳಿದಂತೆ ಮರಳು, ಜಾಲಿ, ಅಲ್ಲಲ್ಲಿ ಜೊಂಡು. ಆ ಮರಳಿನಲ್ಲಿ ಓಡುವುದಿದೆಯಲ್ಲ, ಮೀನಖಂಡದ ಪ್ರಾಣ ಹಿಂಡಿಬಿಡುತ್ತದೆ. ಆಚೆ ದಡ ಹತ್ತಿದರೆ ರಾಗಿ ಹೊಲಗಳ ಬದು, ದೂರದಲ್ಲಿ ಬೇತಮಂಗಲದ ಕೆರೆ ಏರಿ. ಏರಿ ಕಾಣಿಸುವ ಕಡೆ ತಿರುಗಿಕೊಂಡು ಅದೇ ದಾರಿಯಲ್ಲಿ ವಾಪಸ್ಸು ಬರುತ್ತೇನೆ.

ಇನ್ನೊಂದು ದಾರಿ ರೋಡು. ಡೈರಿಯಿಂದ ಎಡಕ್ಕೆ ತಿರುಗಿ ಕ್ಯಾಸಂಬಳ್ಳಿ ಕಡೆಗೆ ಹೋಗುವ ಟಾರು ರೋಡು. ಅಲ್ಲಿ ಬಸ್ಸು, ಹಾಲಿನ ಲಾರಿ, ಜಲ್ಲಿಕಲ್ಲಿನ ಲಾರಿ, ಮೈಗೆ ತಾಗಿಸಿಕೊಂಡೇ ಹೋಗುವ ಬೈಕುಗಳು. ಬಸ್‌ಸ್ಟಾಪಿನ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ನಾಲ್ಕೈದು ಹುಡುಗರು ಬೆಳಗಾಗುವುದನ್ನೇ ಕಾದು ಬಂದು ಕೂರುತ್ತಾರೆ. ಅವರಿಗೆ ಬೇರೆ ಕೆಲಸವಿದ್ದದ್ದನ್ನು ನಾನು ನೋಡಿಲ್ಲ.

ಬಾವನ ಮಗಳು ಬಂಗಾರಪೇಟೆಯಲ್ಲಿ ಡಿಗ್ರಿ ಓದುತ್ತಿದ್ದಾಗ ನನ್ನ ಜೊತೆ ಓಡಲು ಶುರು ಮಾಡಿದಳು. ಅವಳಿಗೆ ಪೊಲೀಸ್ ಕಾನ್ಸ್‌ಟೇಬಲ್ ಆಗಬೇಕು. ಬರೆಯುವ ಪರೀಕ್ಷೆಗೆ ಅವಳು ಹೆದರುತ್ತಿರಲಿಲ್ಲ, ಓಟ, ಉದ್ದ ಜಿಗಿತ, ಗುಂಡು ಎಸೆತಕ್ಕೆ ಹೆದರುತ್ತಿದ್ದಳು. ಮೊದಲ ದಿನ ಮರಳಿಗೆ ಇಳಿದ ಕೂಡಲೇ ಕುಕ್ಕರಿಸಿ ಕೂತು, "ಚಿಕ್ಕಮ್ಮಾ, ನನ್ ಕೈಲಿ ಆಗಾಕಿಲ್ಲ, ನೀನ್ ಓಗು," ಎಂದಳು. ಆರು ತಿಂಗಳಾಗುವುದರೊಳಗೆ ಆಚೆ ದಡದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನನಗಾಗಿ ಕಾಯುತ್ತಿದ್ದಳು. ಆ ಹುಡುಗಿ ಓಡುವುದನ್ನು ನೋಡಿದರೆ ಯಾರಿಗಾದರೂ ಖುಷಿಯಾಗಬೇಕು. ನನಗಂತೂ ಆಗುತ್ತಿತ್ತು.

ಈಗ ತೋಟದ ಕಟ್ಟಳೆಗೆ ಬರುತ್ತೇನೆ. ಅದು ಹಿಂದೆ ಎಲೆ ತೋಟ, ವೀಳ್ಯದೆಲೆಯದು. ನಮ್ಮ ಮಾವನ ಕಾಲದಿಂದಲೂ ಅದೇ ಬೆಳೆ. ಎಲೆ ತೋಟದೊಳಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು, ಮುಟ್ಟಾದ ಹೆಂಗಸು ಕಾಲಿಡಬಾರದು, ಇಟ್ಟರೆ ಬಳ್ಳಿ ಸೊರಗುತ್ತದೆ ಎನ್ನುವುದು ನಮ್ಮ ಕಡೆ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಆಮೇಲೆ ಎಲೆಗೆ ಬೆಲೆ ಬಿದ್ದುಹೋಯಿತು. ಬಾವ ಬಳ್ಳಿಯನ್ನೂ ಅದನ್ನು ಹಬ್ಬಿಸಿದ್ದ ಅಗಸೆ ಗಿಡಗಳನ್ನೂ ಬುಡಸಮೇತ ಕೀಳಿಸಿ, ಕಲ್ಲುಕಂಬ ನೆಡಿಸಿ, ನೀಲಿ ದ್ರಾಕ್ಷಿ ಹಾಕಿದರು. ಎಲೆ ಹೋಯಿತು, ಕಟ್ಟಳೆ ಮಾತ್ರ ಹೋಗಲಿಲ್ಲ. "ಅದೂ ಬಳ್ಳೀನೇ, ಇದೂ ಬಳ್ಳೀನೇ," ಎನ್ನುವುದು ಬಾವನ ವಾದ. ಇಡೀ ತಾಲ್ಲೂಕಿನಲ್ಲಿ ದ್ರಾಕ್ಷಿಗೆ ಮಡಿ ಮಾಡುವವರು ಅವರೊಬ್ಬರೇ ಇರಬೇಕು. ಪಕ್ಕದೂರಿನ ದ್ರಾಕ್ಷಿ ತೋಟಗಳಲ್ಲಿ ಟ್ರ್ಯಾಕ್ಟರ್ ಓಡಾಡುತ್ತದೆ, ಬೂಟು ಹಾಕಿಕೊಂಡು ಔಷಧಿ ಹೊಡೆಯುತ್ತಾರೆ. ನಮ್ಮ ಬಾವ ಬರಿಗಾಲಲ್ಲಿ ನಿಂತು ವಿಷ ಹೊಡೆಯುತ್ತಾರೆ. ಅವರ ಬಳ್ಳಿಗೆ ಚಪ್ಪಲಿಯಿಂದ ಕೆಡುಕು, ವಿಷದಿಂದ ಏನೂ ಇಲ್ಲ.

ಬಾವ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಕೆಟ್ಟವರಲ್ಲ. ಮಗಳು ಓಡುತ್ತಾಳೆಂದು ಊರೆಲ್ಲ ಹೇಳಿಕೊಂಡು ತಿರುಗುವವರು. ಅವಳಿಗೆ ಮೊಟ್ಟೆ ಬೇಯಿಸಿ ಕೊಡು ಎಂದು ಹೆಂಡತಿಗೆ ನೆನಪು ಮಾಡುವವರು. ಅಂಥ ಮನುಷ್ಯನ ಬಾಯಲ್ಲೇ ಈ ಮಾತು ಬಂದಾಗ ಎಲ್ಲಿ ಹೊಡೆಯಬೇಕೋ ತಿಳಿಯದೆ ನನ್ನ ಸಿಟ್ಟು ನನ್ನೊಳಗೇ ಸುತ್ತುತ್ತಿತ್ತು.

ಸರಿ, ನಾವಿಬ್ಬರೂ ಓಡುತ್ತಾ ಬಂದು ತೋಟದ ಗೇಟಿನ ಹತ್ತಿರ ಕೂತು ಶೂ ಬಿಚ್ಚುತ್ತಿದ್ದೆವು. ಶೂ ಕೈಯಲ್ಲಿ ಹಿಡಿದುಕೊಂಡು ಚಪ್ಪರದ ಕೆಳಗೆ ಬರಿಗಾಲಲ್ಲಿ ಓಡಿ, ಆ ಕಡೆ ಮತ್ತೆ ಕೂತು ಹಾಕಿಕೊಳ್ಳುತ್ತಿದ್ದೆವು. ಬರುವಾಗ ಮತ್ತೆ ಅದೇ ಪೂಜೆ. ಇದನ್ನು ನಗುನಗುತ್ತಲೇ ಸಹಿಸಿದೆ. ಸಹಿಸಲಾಗದ್ದು ಇನ್ನೊಂದು.

ಬಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಮಾತು ಕಡಿಮೆ, ಕೆಲಸ ಜಾಸ್ತಿ. ತಿಂಗಳಿಗೊಂದು ಸಲ ಅವಳು ಬೆಳಗ್ಗೆ ಬಾಗಿಲಲ್ಲಿ ನಿಂತು ಮಗಳಿಗೆ, "ಇವತ್ತು ರೋಡು ಕಣಮ್ಮಿ," ಎನ್ನುತ್ತಿದ್ದಳು. ಅಷ್ಟೇ ಮಾತು. ಆ ದಿನ ಮತ್ತು ಮುಂದಿನೆರಡು ದಿನ ಹುಡುಗಿ ಹೊಳೆಯ ಕಡೆ ಬರುವಂತಿಲ್ಲ, ಲಾರಿಗಳ ಜೊತೆ ಓಡಬೇಕು. ಅವಳೊಬ್ಬಳನ್ನೇ ಬಿಡಬಾರದೆಂದು ನಾನೂ ಹೋಗುತ್ತಿದ್ದೆ.

ತೋಟದಲ್ಲಿ ಕೂಲಿಗೆ ಬರುವ ಹೆಂಗಸರನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಬಳ್ಳಿ ಕಟ್ಟುವವರು ಅವರು, ಗೊಂಚಲು ಕುಯ್ಯುವವರು ಅವರು, ದಿನವಿಡೀ ಆ ಚಪ್ಪರದ ಕೆಳಗೇ ಇರುವವರು ಅವರು. ಕೇಳಿದರೆ ಇಲ್ಲ ಎನ್ನುತ್ತಾರೆ, ಒಂದು ದಿನದ ಕೂಲಿಯನ್ನು ಯಾರು ಬಿಡುತ್ತಾರೆ? ಅದು ಬಾವನಿಗೂ ಗೊತ್ತು. ಕೆಲಸ ನಿಲ್ಲುವುದಾದರೆ ಬಳ್ಳಿ ಸೊರಗುವುದಿಲ್ಲ, ಮನೆಯ ಹೆಣ್ಣುಮಗಳು ಓಡುವುದಾದರೆ ಸೊರಗುತ್ತದೆ. ಇದನ್ನು ನಾನು ಒಮ್ಮೆ ಹೇಳಿಯೂ ಹೇಳಿದೆ. ಬಾವ ಕೇಳಿಸದವರ ಹಾಗೆ ಎದ್ದು ಮೋಟಾರು ಹಾಕಲು ಹೋದರು.

ಗಂಡಸರಿಗೆ ಹೆಂಗಸರ ಕಷ್ಟ ಗೊತ್ತಾಗುವುದಿಲ್ಲ ಎನ್ನುವವರು ನಮ್ಮೂರ ಟೀ ಅಂಗಡಿಗೆ ಬರಬೇಕು. ನಮ್ಮ ಬಾವನ ಕಟ್ಟಳೆ ಊರಿಗೆಲ್ಲ ಗೊತ್ತಿರುವ ವಿಷಯ. ಹುಡುಗಿ ತಿಂಗಳೆಲ್ಲ ಹೊಳೆಯ ಕಡೆ ಓಡುತ್ತಾಳೆ, ಮೂರು ದಿನ ರೋಡಿನಲ್ಲಿ ಓಡುತ್ತಾಳೆ. ಬೆಂಚಿನ ಮೇಲಿನ ಹುಡುಗರು ಕೂಡಿಸಿ ಕಳೆದು ನೋಡಿದ್ದಾರೆ. ಒಂದು ಬೆಳಗ್ಗೆ ನಾವು ಅಂಗಡಿಯ ಮುಂದೆ ಹೋಗುತ್ತಿದ್ದ ಹಾಗೆ ಒಬ್ಬ ಗಟ್ಟಿಯಾಗಿ, "ಇವತ್ತು ರೋಡು ಕಣ್ಲಾ!" ಎಂದ. ಉಳಿದವರು ಹಲ್ಲು ಕಿಸಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಹಿಂದಕ್ಕೆ ತಿರುಗಿ ಸೀದಾ ಅಂಗಡಿಗೆ ನುಗ್ಗಿ, ಅವನ ಕೈಯಲ್ಲಿದ್ದ ಟೀ ಗ್ಲಾಸು ಕಿತ್ತುಕೊಂಡು, ಅವನ ಕಾಲಿನ ಮುಂದೆಯೇ ನೆಲಕ್ಕೆ ಸುರಿದೆ.

"ನಿಮ್ಮವ್ವ ಯಾವ್ಯಾವ್ ದಿನ ಯಾವ್ ದಾರೀಲಿ ಓಡಾಡ್ತಾಳೆ ಅಂತ ಓಗಿ ಕೇಳ್ಕೊಂಡು ಬಾರ್ಲಾ. ಬಂದು ಇಲ್ಲೇ ಕೂತ್ಕೊಂಡು ಎಲ್ರಿಗೂ ಏಳು."

ಅಂಗಡಿಯವನು ತಮಿಳಿನವನು, "ವಿಡುಂಗಕ್ಕಾ, ಚಿನ್ನ ಪಸಂಗ," ಎಂದು ನನ್ನನ್ನೇ ಸಮಾಧಾನ ಮಾಡಲು ಬಂದ. ಬಿಡಬೇಕಂತೆ, ಚಿಕ್ಕ ಹುಡುಗರಂತೆ. ಗಡ್ಡ ಬಂದ ಚಿಕ್ಕ ಹುಡುಗರು! ಹೊರಗೆ ಬಂದು ನೋಡಿದರೆ ನಮ್ಮ ಹುಡುಗಿ ಇರಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಆ ವಾರ ಪೂರ್ತಿ ಅವಳು ಓಡಲು ಬರಲಿಲ್ಲ.

ಮತ್ತೆ ಬಂದಾಗ ಮರಳಿನ ನಡುವೆ ನಿಂತು ನನಗೆ ಹೇಳಿದಳು. "ಚಿಕ್ಕಮ್ಮಾ, ಇನ್ಮೇಲೆ ನಾನು ಅಮ್ಮನಿಗೆ ಏಳಾಕಿಲ್ಲ. ಎಲ್ಲಾ ದಿನಾನೂ ತೋಟದಾಗೇ ಬತ್ತೀನಿ. ನೀನು ಏಳಬ್ಯಾಡ."

ನಾನು ಯಾರಿಗೆ ಹೇಳಲಿ? ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು. ಅಂದಿನಿಂದ ಅಕ್ಕ ಬಾಗಿಲಲ್ಲಿ ನಿಂತು ಮುಖ ನೋಡಿದರೆ ಹುಡುಗಿ "ಇನ್ನೂ ಇಲ್ಲ" ಎನ್ನುತ್ತಿದ್ದಳು, ಇಲ್ಲವೇ "ಮುಗೀತು" ಎನ್ನುತ್ತಿದ್ದಳು. ಅಕ್ಕ ಮತ್ತೆ ಕೇಳುತ್ತಿರಲಿಲ್ಲ. ಹೊಳೆಯ ದಾರಿ ತಿಂಗಳು ಪೂರ್ತಿ ನಮ್ಮದಾಯಿತು.

ಆ ವರ್ಷ ತೋಟದಲ್ಲಿ ಬೆಳೆ ಹೇಗೆ ಬಂತೆಂದರೆ, ಚಪ್ಪರದ ಕೆಳಗೆ ಓಡುವಾಗ ಗೊಂಚಲುಗಳು ನಮ್ಮ ತಲೆಗೆ ತಾಗುತ್ತಿದ್ದವು. ಬೆಂಗಳೂರಿನಿಂದ ಲಾರಿಯವರು ಹುಡುಕಿಕೊಂಡು ಬಂದರು. ಬಾವ ಮಗಳಿಗೆ ರಾಬರ್ಟ್‌ಸನ್‌ಪೇಟೆಯಿಂದ ಹೊಸ ಶೂ ತಂದುಕೊಟ್ಟು, ಡೈರಿಯ ಮುಂದೆ ಎಲ್ಲರಿಗೂ ಕೇಳುವ ಹಾಗೆ, "ಇದೆಲ್ಲಾ ನನ್ ಮಗ್ಳ ಕಾಲ್ಗುಣ," ಎಂದರು. ಅವಳು ನನ್ನ ಕಡೆ ನೋಡಿದಳು. ನಾನು ನಗು ತಡೆಯಲಾರದೆ ಹಾಲಿನ ಕ್ಯಾನಿನೊಳಗೆ ಮುಖ ಹಾಕಿದೆ.

ಮುಂದಿನ ವರ್ಷ ಹೂ ಬಿಡುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ವಾರವೆಲ್ಲ ಬಿಡದೆ ಸುರಿಯಿತು. ಅಂಥ ಮಳೆಯಲ್ಲಿ ಔಷಧಿ ಹೊಡೆಯಲಾಗುವುದಿಲ್ಲ, ಹೊಡೆದರೂ ತೊಳೆದುಹೋಗುತ್ತದೆ. ಮಳೆ ಬಿಟ್ಟ ಮೇಲೆ ನೋಡಿದರೆ ಎಲೆಗಳ ಅಡಿಯಲ್ಲಿ ಬಿಳಿ ಬೂಜು, ಹೂವೆಲ್ಲ ಕಪ್ಪಾಗಿ ಉದುರುತ್ತಿತ್ತು. ಅಕ್ಕಪಕ್ಕದ ಊರಿನ ದ್ರಾಕ್ಷಿಯವರೆಲ್ಲ ಮಳೆಗೆ ಶಾಪ ಹಾಕಿದರು. ನಮ್ಮ ಬಾವ ಮಳೆಯನ್ನು ಬಿಟ್ಟು ಮನುಷ್ಯರನ್ನು ಹಿಡಿದರು.

ಹುಡುಗಿಗೆ ಆಗ ಬರೆಯುವ ಪರೀಕ್ಷೆ ಪಾಸಾಗಿತ್ತು. ಕೋಲಾರದಲ್ಲಿ ಓಟದ ಪರೀಕ್ಷೆಗೆ ಕೆಲವೇ ವಾರ ಉಳಿದಿತ್ತು. ಆ ಬೆಳಗ್ಗೆ ನಾವು ಹೊಳೆಯಿಂದ ತಿರುಗಿ ಬರುವಾಗ ಬಾವ ತೋಟದ ನಡುವೆ ನಿಂತಿದ್ದರು, ಪಕ್ಕದಲ್ಲಿ ಅಕ್ಕ. ಕೂಲಿಯ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬಾವನ ಕೈಯಲ್ಲಿ ಒಂದು ಎಲೆಯಿತ್ತು.

"ಯಾರೋ ಮೈಲಿಗೇಲಿ ಕಾಲಿಟ್ಟವ್ರೆ," ಎಂದರು. "ಯಾರು ಅಂತ ಗೊತ್ತಾಗ್ಬೇಕು. ಮನೆ ಮಗ್ಳು ಅಂತ ಗೊತ್ತಾದ್ರೆ ಓಟಾನೂ ಬ್ಯಾಡ, ಪೊಲೀಸೂ ಬ್ಯಾಡ, ಈ ಜ್ಯೇಷ್ಠದಾಗೆ ಗಂಡು ನೋಡಿ ಕಳಿಸ್ಬಿಡ್ತೀನಿ."

ಅದು ಬಾಯಿಮಾತಲ್ಲ. ಅವರ ಒಂದು ವರ್ಷದ ದುಡಿಮೆ ಕಣ್ಣೆದುರಿಗೆ ಕೊಳೆಯುತ್ತಿತ್ತು. ಹುಡುಗಿ ಒಂದು ಹೆಜ್ಜೆ ಮುಂದಿಟ್ಟಳು, ಬಾಯಿ ತೆರೆದಳು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇವಳು ನಿಜ ಹೇಳಿಬಿಡುತ್ತಾಳೆ. ಎಷ್ಟು ದಿನದ ಮರಳು, ಎಷ್ಟು ದಿನದ ಬೆವರು, ಒಂದು ಬೂಜು ಹಿಡಿದ ಎಲೆಗೆ ಹೋಗಿಬಿಡುತ್ತದೆ.

"ನಾನು," ಎಂದೆ. "ನಾನೇ ಬಂದಿದ್ದೆ. ಆಗ ಒರಗಾಗಿದ್ದೆ."

ಇಲ್ಲೊಂದು ವಿಷಯ ಹೇಳಬೇಕು. ನನಗೆ ಮುಟ್ಟು ನಿಂತು ವರ್ಷಗಳಾಗಿದ್ದವು. ವಿಪರೀತ ರಕ್ತ ಹೋಗುತ್ತಿದೆ ಎಂದು ಕೋಲಾರದ ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶವನ್ನೇ ತೆಗೆದಿದ್ದರು. ಆಗ ಆಸ್ಪತ್ರೆಗೆ ಕಾರು ಮಾಡಿಕೊಂಡು ಹೋದವರು ಇದೇ ಬಾವ. ಹೊರಗೆ ಬೆಂಚಿನ ಮೇಲೆ ಇಡೀ ದಿನ ಕೂತು, ಎಳನೀರು ತಂದುಕೊಟ್ಟವರೂ ಅವರೇ. ನನ್ನ ಬಟ್ಟೆ ಬದಲಿಸಿ, ನನ್ನನ್ನು ಎತ್ತಿ ಕೂರಿಸಿದವಳು ಅಕ್ಕ. ಅಂದರೆ ನಾನು ಹೇಳಿದ್ದು ಶುದ್ಧ ಸುಳ್ಳೆಂದು ಆ ತೋಟದಲ್ಲಿ ನಿಂತವರಲ್ಲಿ ಮೂವರಿಗೆ ಗೊತ್ತಿರಬೇಕಿತ್ತು. ಹುಡುಗಿಗೆ ಗೊತ್ತಾಯಿತು, ಗಕ್ಕನೆ ನನ್ನ ಕಡೆ ತಿರುಗಿದಳು. ನಾನು ಅವಳ ಕೈಯನ್ನು ಮೂಳೆ ನೋಯುವ ಹಾಗೆ ಹಿಡಿದುಕೊಂಡೆ. ಅಕ್ಕ ನನ್ನನ್ನು ಒಂದು ಸಲ ನೋಡಿದಳು. ಬಗ್ಗಿ ಮಂಕರಿ ಬುಟ್ಟಿ ಎತ್ತಿಕೊಂಡು ಮನೆಯ ಕಡೆ ನಡೆದಳು.

ಬಾವ ನಂಬಿದರು. ನಮ್ಮಲ್ಲಿ ತಮ್ಮನ ಹೆಂಡತಿಯ ಮುಖಕ್ಕೆ ಮುಖ ಕೊಟ್ಟು ಬೈಯುವ ಹಾಗಿಲ್ಲ. ಆದ್ದರಿಂದ ಅವರು ಪಕ್ಕದ ಕಲ್ಲುಕಂಬದ ಕಡೆ ತಿರುಗಿ ನಿಂತು ಬೈದರು. ವಯಸ್ಸಾದರೂ ಬುದ್ಧಿ ಬರಲಿಲ್ಲವಲ್ಲ ಎಂದರು, ಅನ್ನ ಕೊಡುವ ಬಳ್ಳಿ ಎಂದರು, ಇನ್ನು ಮೇಲೆ ಈ ತೋಟದಲ್ಲಿ ಕಾಲಿಡಬೇಡ ಎಂದರು. ಕಂಬ ಎಲ್ಲವನ್ನೂ ಕೇಳಿಸಿಕೊಂಡಿತು. ನಾನು ನಿಂತಲ್ಲೇ ಹಲ್ಲು ಕಚ್ಚಿಕೊಂಡಿದ್ದೆ. ಬೈಗುಳಕ್ಕಲ್ಲ. ಈ ಮನುಷ್ಯನಿಗೆ ಒಂದೊಂದು ಬಳ್ಳಿಯ ಬುಡವೂ ಗೊತ್ತು, ಯಾವ ಕೊಂಬೆಯನ್ನು ಯಾವ ವರ್ಷ ಕತ್ತರಿಸಿದ್ದೆನೆಂದು ಹೇಳುತ್ತಾರೆ. ಒಂದೇ ಅಂಗಳದಲ್ಲಿ ಬದುಕುವ ಹೆಂಗಸಿನ ಹೊಟ್ಟೆಯಿಂದ ಏನು ತೆಗೆದರೆಂದು ಒಂದು ದಿನವೂ ಕೇಳಿ ತಿಳಿದುಕೊಳ್ಳಲಿಲ್ಲ.

ರಾತ್ರಿ ಗಂಡನಿಗೆ ಹೇಳಿದೆ. ಅವರು ಅನ್ನ ಕಲಸುತ್ತಾ, "ಸುಳ್ಳು ಯಾಕೆ ಏಳಾಕೋದೆ? ಓಗ್ಲಿ ಬಿಡು, ಅಣ್ಣನ್ ಅತ್ರ ಮಾತು ಬೆಳಸ್ಬ್ಯಾಡ," ಎಂದರು. ಅವರ ತಟ್ಟೆಗೆ ಎರಡನೇ ಸಲ ಸಾರು ಹಾಕದೆ ಎದ್ದು ಬಂದೆ.

ನಾನು ರೋಡಿಗೆ ಬಿದ್ದೆ. ದಿನಾ ರೋಡಿನಲ್ಲೇ ಓಡಿದೆ. ಬೆಂಚಿನ ಹುಡುಗರ ಲೆಕ್ಕ ತಪ್ಪಿಹೋಯಿತು, ಅದೊಂದೇ ಸಮಾಧಾನ. ಊರಿನ ಹೆಂಗಸರು ಬೇರೆ ಲೆಕ್ಕ ಹಾಕಿದರು. ಡೈರಿಯ ಸಾಲಿನಲ್ಲಿ ನನ್ನ ಹಿಂದಿನವಳು ಎರಡು ಹೆಜ್ಜೆ ಬಿಟ್ಟು ನಿಲ್ಲತೊಡಗಿದಳು. ಒಬ್ಬಳು ತನ್ನ ಟೊಮೊಟೊ ಹೊಲದ ಬದುವಿನ ಮೇಲೆ ನಡೆಯಬೇಡವೆಂದು ಮುಖಕ್ಕೆ ಹೊಡೆದಂತೆ ಹೇಳಿದಳು. ಟೊಮೊಟೊ ಯಾವಾಗ ಮಡಿಗೆ ಸೇರಿತೋ! ತೋಟಕ್ಕೆ ಬೂಜು ತಂದವಳು ಎಂದು ನನಗೊಂದು ಬಿರುದೇ ಆಯಿತು. ಗರ್ಭಕೋಶವಿಲ್ಲದವಳು ಗರ್ಭಕೋಶದ ತಪ್ಪಿಗೆ ದಂಡ ಕಟ್ಟುತ್ತಿದ್ದೆ. ಬಾಯಿ ಬಿಟ್ಟರೆ ಹುಡುಗಿಯ ಓಟ ನಿಲ್ಲುತ್ತದೆ. ನನ್ನ ಜೀವಮಾನದಲ್ಲಿ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಹುಡುಗಿ ಒಬ್ಬಳೇ ತೋಟದಲ್ಲಿ ಓಡಿದಳು, ಎಲ್ಲಾ ದಿನವೂ. ಕೋಲಾರಕ್ಕೆ ನಾನೇ ಜೊತೆಯಲ್ಲಿ ಹೋದೆ. ಮೈದಾನದ ಹೊರಗೆ ಬಿಸಿಲಿನಲ್ಲಿ ನಿಂತು, ತಂತಿಬೇಲಿಯೊಳಗಿಂದ ಅವಳು ಉಳಿದವರನ್ನು ಹಿಂದೆ ಹಾಕಿ ಬರುವುದನ್ನು ನೋಡಿದೆ. ಮರಳಿನಲ್ಲಿ ಬೆಳೆದ ಕಾಲಿಗೆ ಗಟ್ಟಿ ನೆಲ ಆಟವಾಗಿತ್ತು. ಅಲ್ಲಿದ್ದ ಯಾರದೋ ತಾಯಿ ನನ್ನನ್ನು "ನಿಮ್ಮ ಮಗಳಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ.

ಅವಳು ಪಾಸಾದ ಸುದ್ದಿ ಬಂದ ದಿನ ಬಾವ ಮೈಸೂರುಪಾಕು ತಂದು ಊರಿಗೆಲ್ಲ ಹಂಚಿದರು. ಕೊನೆಗೆ ನಮ್ಮ ಅಂಗಳಕ್ಕೆ ಬಂದರು. ನಾನು, ಅಕ್ಕ, ಹುಡುಗಿ ಮೂವರೂ ಜಗಲಿಯ ಮೇಲಿದ್ದೆವು. ಬಾವ ಮಗಳ ತಲೆ ಸವರಿ, "ನಡಿಯಮ್ಮಿ, ತೋಟದಾಗೆ ಒಂದು ಕಾಯಿ ಒಡ್ದು ಬರಾಣ. ನಿನ್ ಕಾಲ್ಗುಣದಿಂದ ಮುಂದಿನ್ ಬೆಳೆನಾದ್ರೂ ಚೆನ್ನಾಗಾಗ್ಲಿ," ಎಂದರು. ಆಮೇಲೆ ಜಗಲಿಯ ಕಂಬದ ಕಡೆ ತಿರುಗಿ, "ನೀನು ಮಾತ್ರ ಬರಬ್ಯಾಡಮ್ಮ, ತಪ್ಪು ತಿಳ್ಕೋಬ್ಯಾಡ," ಎಂದರು.

ಹುಡುಗಿ ತಲೆಯ ಮೇಲಿದ್ದ ಅವರ ಕೈಯನ್ನು ಸರಿಸಿದಳು.

"ಚಿಕ್ಕಮ್ಮಂಗೆ ಗರ್ಭಕೋಶಾನೇ ಇಲ್ಲಪ್ಪಾ. ತೆಗ್ಸಿ ಎಷ್ಟೋ ವರ್ಷ ಆಯ್ತು. ಕೋಲಾರದ ಆಸ್ಪತ್ರೆಗೆ ನೀನೇ ಕರ್ಕೊಂಡು ಓಗಿದ್ದೆ."

ಬಾವ ತಬ್ಬಿಬ್ಬಾದರು. "ಅದು ಒಟ್ಟೆ ಆಪರೇಷನ್ ಅಲ್ವಾ?" ಎಂದರು. ಸ್ವಲ್ಪ ಹೊತ್ತಿಗೆ ಅವರಿಗೆ ಅರ್ಥವಾಯಿತು. ನನಗೊಂದು ಮಾತು ಹೇಳುತ್ತಾರೆಂದು ಕಾದೆ. ನಿನಗೆ ನೋವಾಗಿರಬೇಕು ಎನ್ನುತ್ತಾರೆ, ನಾನು ಮರೆತಿದ್ದೆ ಎನ್ನುತ್ತಾರೆ. ಅವರು ಅಂದದ್ದು, "ಅಂಗಾರೆ ಯಾರು?"

ಆಗ ನನಗೆ ಬಂದ ಸಿಟ್ಟಿಗೆ ಆ ಮೈಸೂರುಪಾಕಿನ ಡಬ್ಬ ಎತ್ತಿ ಬಿಸಾಡಬೇಕಿತ್ತು. ಅಷ್ಟರಲ್ಲಿ ಹುಡುಗಿ ಹೇಳಿದಳು.

"ನಾನೇ. ತಿಂಗ್ಳಾ ತಿಂಗ್ಳಾ ನಾನೇ. ಓದ್ವರ್ಷ ಕಾಲ್ಗುಣ ಅಂದ್ಯಲ್ಲ, ಆವಾಗ್ಲೂ ಎಲ್ಲಾ ದಿನಾನೂ ಓಡಿದೀನಿ."

ಬಾವ ಜಗಲಿಯ ಮೇಲೆ ಕೂತುಬಿಟ್ಟರು. ಮಗಳನ್ನು ಬೈಯಲು ಬಾಯಿ ಬರಲಿಲ್ಲ, ಅವಳು ಆಗಲೇ ಅರ್ಧ ಪೊಲೀಸು. ಹೆಂಡತಿಯ ಕಡೆ ತಿರುಗಿದರು. "ನೀನು ಏನ್ ನೋಡ್ತಿದ್ದೆ? ತಾಯಾಗಿ ಇಷ್ಟು ನೋಡ್ಕೊಳ್ಳಾಕೆ ಆಗ್ಲಿಲ್ವಾ?"

ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸದೆ, ತಲೆ ಎತ್ತದೆ, ನಾನು ಈ ಮನೆಗೆ ಬಂದಾಗಿನಿಂದ ಅವಳ ಬಾಯಲ್ಲಿ ಕೇಳದಷ್ಟು ಉದ್ದದ ಮಾತನ್ನು ಆಡಿದಳು.

"ಎಲೆ ತೋಟ ಇದ್ದಾಗ ನಾನೂ ಓಗಿದೀನಿ. ಮದ್ವೆ ಆಗಿ ಬಂದ ವರ್ಷದಿಂದಾನೂ. ಸಂತೆಗೆ ಎಲೆ ಓಗ್ಬೇಕಿತ್ತು, ಆ ಮೂರು ದಿನ ಯಾರು ಕುಯ್ತಿದ್ರು? ನಾನೇ ಕುಯ್ದೆ, ನಾನೇ ಕಟ್ದೆ. ಒಂದು ಬಳ್ಳಿ ಒಣಗ್ಲಿಲ್ಲ. ಆ ಎಲೆಗೇ ಸುಣ್ಣ ಅಚ್ಕೊಂಡು ನೀವು ದಿನಾ ಊಟ ಆದ್ಮೇಲೆ ಜಗೀತಿದ್ರಿ. ನಿಮ್ಮಪ್ಪಾನೂ ಜಗಿದ್ರು."

ಬಾವ ಅಂಗೈಯಿಂದ ಬಾಯಿ ಒರೆಸಿಕೊಂಡರು, ಇನ್ನೂ ಏನೋ ಅಂಟಿದೆಯೆಂಬಂತೆ. ಎದ್ದು ತೋಟದ ಕಡೆ ಒಬ್ಬರೇ ಹೋದರು. ಕಾಯಿ ಜಗಲಿಯ ಮೇಲೇ ಉಳಿಯಿತು.

ಈಗ ನಾನು ಮತ್ತೆ ತೋಟದಲ್ಲೇ ಓಡುತ್ತೇನೆ. ಬಾವ ಬಾ ಎಂದಿಲ್ಲ, ಬೇಡ ಎಂದೂ ಇಲ್ಲ. ನನ್ನನ್ನು ಕಂಡರೆ ಬಳ್ಳಿಯಲ್ಲಿ ಏನೋ ಕೆಲಸ ಹುಡುಕಿಕೊಳ್ಳುತ್ತಾರೆ. ಅದಕ್ಕೂ ನನಗೆ ಸಿಟ್ಟಿದೆ, ಆದರೆ ಅದು ಹಳೆಯ ಸಿಟ್ಟು, ಅದರ ಜೊತೆ ಬದುಕಬಹುದು. ಬದುಕಲಾಗದ ಸಿಟ್ಟು ಬಂದದ್ದು ಮೈಸೂರುಪಾಕು ಹಂಚಿದ ದಿನದ ಸಂಜೆ, ಹಾಲು ಕರೆಯುವಾಗ, ಅಕ್ಕನ ಮೇಲೆ.

"ಅಕ್ಕಾ, ಏನೂ ಆಗಾಕಿಲ್ಲ ಅಂತ ನಿನ್ಗೆ ಅಷ್ಟು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಬಾಗ್ಲಾಗೆ ನಿಂತ್ಕೊಂಡು ಮಗ್ಳನ್ನ ರೋಡಿಗೆ ಅಟ್ಟಿದ್ಯಲ್ಲ. ಆ ಪೋಲಿಗಳ ಬಾಯಿಗೆ ಬಿಟ್ಯಲ್ಲ," ಎಂದೆ. ನನ್ನ ದನಿಗೆ ಹಸು ಕಾಲು ಝಾಡಿಸಿತು.

"ನಾನು ಮಂಕ್ರಿ ಒತ್ಕೊಂಡು ತಲೆ ಬಗ್ಗಿಸ್ಕೊಂಡು ಓಗ್ತಿದ್ದೆ. ನನ್ನ ಯಾರು ನೋಡ್ತಿದ್ರು?" ಎಂದಳು ಅಕ್ಕ. "ಇವ್ಳು ಎದೆ ಸೆಟಸ್ಕೊಂಡು ಓಡ್ತಾಳೆ. ಎಲ್ರ ಕಣ್ಣೂ ಅವ್ಳ ಮ್ಯಾಲೇ. ಸಿಕ್ಬಿದ್ರೆ ಓದು, ಓಟ ಎಲ್ಲಾ ನಿಲ್ಲಿಸ್ಬಿಡ್ತಾರೆ ಅಂತ ರೋಡು ಅಂದೆ. ಆಮೇಲೆ ಅವ್ಳು ನನ್ಗೆ ಸುಳ್ಳು ಏಳಾಕೆ ಸುರು ಮಾಡುದ್ಲು. ಬಟ್ಟೆ ಒಗ್ಯೋಳು ನಾನು, ನನ್ಗೆ ಗೊತ್ತಾಗಾಕಿಲ್ವಾ? ಸುಮ್ನಾದೆ."

"ನನ್ಗಾದ್ರೂ ಏಳ್ಬೋದಿತ್ತಲ್ಲ!"

"ನೀನು ಏಳಿದ್ಯಾ?"

ಹೇಳಿರಲಿಲ್ಲ. ಹುಡುಗಿಯ ಸುಳ್ಳನ್ನು ನಾನು ಅವಳ ತಾಯಿಯಿಂದ ಮುಚ್ಚಿಟ್ಟಿದ್ದೆ. ತಾಯಿ ತನ್ನ ಸುಳ್ಳನ್ನು ಮಗಳಿಂದ ಮುಚ್ಚಿಟ್ಟಿದ್ದಳು. ಒಂದೇ ಅಂಗಳದಲ್ಲಿ, ಒಂದೇ ಕಟ್ಟಳೆಯನ್ನು ಮೂವರು ಹೆಂಗಸರು ಬೇರೆ ಬೇರೆಯಾಗಿ, ಕದ್ದುಮುಚ್ಚಿ ಮುರಿಯುತ್ತಿದ್ದೆವು. ಒಬ್ಬರನ್ನು ಕಂಡು ಇನ್ನೊಬ್ಬರು ಹೆದರಿಕೊಂಡಿದ್ದೆವು. ಜಗಲಿಯ ಮೇಲೆ ಕೂತು ಒಂದು ಸಲ ಮಾತಾಡಿಕೊಂಡಿದ್ದರೆ ಸಾಕಿತ್ತು. ಬಾವನನ್ನು ಬೈಯುವುದು ಸುಲಭ. ಆ ಕಟ್ಟಳೆಯನ್ನು ಇಷ್ಟು ವರ್ಷ ಬದುಕಿಸಿಟ್ಟದ್ದು ಅವರೊಬ್ಬರೇ ಅಲ್ಲ ಎಂದು ತಿಳಿದಾಗ ಚೊಂಬನ್ನು ನೆಲಕ್ಕೆ ಕುಕ್ಕಿದೆ, ಹಾಲು ಚೆಲ್ಲಿತು. ಅಕ್ಕ ಅದರ ಮೇಲೆ ಮಣ್ಣು ಎಳೆದಳು.